ಪುಕ್ಕಟೆ ಸಿಮ್ ಕಲಿಸಿದ ಪಾಠ



ಇವತ್ತು ನಾವು ಮಾತಾಡೋದು ನಿಮ್ಮಲ್ಲಿ ಬಹಳ ಜನರ ಜೇಬಲ್ಲೇ ಇರೋ ವಿಷಯ: ಜಿಯೋ. ಅದು ಹೇಗೆ ಬೆಳೀತು, ಏನೇನು ಗಲಾಟೆ ಆಯ್ತು, ಕೊನೆಗೆ ನಮಗೆ ಉಳಿದದ್ದೇನು ಅನ್ನೋದನ್ನ ನೋಡೋಣ.

ಮೊದಲು ಸಿಕ್ಕಿದ್ದನ್ನ ಹೇಳಿಬಿಡೋಣ. ಮೊಬೈಲ್ ಸೇವೆಗಾಗಿ ದೇಶವನ್ನ 22 ಸರ್ಕಲ್‌ಗಳಾಗಿ ಹಂಚಿದ್ದಾರೆ. ಕಾಸರಗೋಡು ಕೇರಳ ಸರ್ಕಲ್, ಹೊಸೂರು ತಮಿಳುನಾಡು, ಅಕ್ಕಲಕೋಟೆ ಮಹಾರಾಷ್ಟ್ರ, ಆದವಾನಿ ಆಂಧ್ರ. ಮಂಗಳೂರಿನ ಕಾಲೇಜಿಗೆ ಹೋಗೋ ನಮ್ಮ ಹುಡುಗ ತಲಪಾಡಿ ದಾಟಿದ ಕೂಡಲೇ ರೋಮಿಂಗ್. ಮನೆಯಿಂದ ಅಮ್ಮ ಫೋನ್ ಮಾಡಿದ್ರೂ ಇವನ ದುಡ್ಡೇ ಕಟ್. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಕರೆ ಉಚಿತ, ದೇಶದೊಳಗೆ ರೋಮಿಂಗ್ ಶುಲ್ಕವೇ ಇಲ್ಲ ಅಂದಿತು. ಮುಂದಿನ ವರ್ಷ ಏರ್‌ಟೆಲ್ ಕೂಡ ರೋಮಿಂಗ್ ಶುಲ್ಕ ಕೈಬಿಟ್ಟಿತು. ಗಡಿಯವರಿಗೆ ಇದು ಸಣ್ಣ ಲಾಭವಲ್ಲ.

ಈ ಬೆಳವಣಿಗೆಯ ಬೇರು 2010ರಲ್ಲಿದೆ. ಇನ್ಫೋಟೆಲ್ ಅನ್ನೋ ಕಂಪನಿ ಇಡೀ ದೇಶಕ್ಕೆ ಬ್ರಾಡ್‌ಬ್ಯಾಂಡ್ ತರಂಗಾಂತರ ಗೆದ್ದಿತು. ಅದೇ ವರ್ಷ ರಿಲಯನ್ಸ್ ಅದನ್ನ ಕೊಂಡಿತು. ಡೇಟಾಕ್ಕೆ ಅಂತ ಪಡೆದ ತರಂಗಾಂತರದಲ್ಲಿ ಕರೆ ಸೇವೆಯನ್ನೂ ಕೊಡೋಕೆ 2013ರಲ್ಲಿ 1,658 ಕೋಟಿ ರೂಪಾಯಿ ಕಟ್ಟಿಸಿಕೊಂಡು ಅನುಮತಿ ಕೊಟ್ಟರು. ಇದು ತೀರಾ ಅಗ್ಗವಾಯ್ತು ಅಂತ ಟೀಕೆ ಬಂತು, ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯ್ತು. 2016ರಲ್ಲಿ ಕೋರ್ಟು ಆ ಅರ್ಜಿ ವಜಾ ಮಾಡಿತು.

ಸೇವೆ ಶುರುವಾದ ಮೇಲೆ 2017ರ ಮಾರ್ಚ್ 31ರವರೆಗೂ ಎಲ್ಲಾ ಪುಕ್ಕಟೆ. ‘ಪುಗಸಟ್ಟೆ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ’ ಅನ್ನೋ ಹಾಗೆ ಆರು ತಿಂಗಳೊಳಗೆ ಹತ್ತು ಕೋಟಿ ಜನ ಸೇರಿದರು.

ಹಳೇ ಕಂಪನಿಗಳೂ ಸುಮ್ಮನಿರಲಿಲ್ಲ. ತಮ್ಮ ಕರೆಗಳಿಗೆ ಸಾಕಷ್ಟು ಸಂಪರ್ಕ ಕೊಡ್ತಿಲ್ಲ ಅಂತ ಜಿಯೋ ದೂರಿತು. ಏರ್‌ಟೆಲ್, ವೊಡಾಫೋನ್, ಐಡಿಯಾ ಮೇಲೆ ಒಟ್ಟು 3,050 ಕೋಟಿ ದಂಡ ಹಾಕಿ ಅಂತ ಟ್ರಾಯ್ ಶಿಫಾರಸು ಮಾಡಿತು. ಆ ಕಡೆ ಏರ್‌ಟೆಲ್, ಪುಕ್ಕಟೆ ಕೊಟ್ಟು ನಮ್ಮನ್ನ ಮುಗಿಸ್ತಿದ್ದಾರೆ ಅಂತ ಸ್ಪರ್ಧಾ ಆಯೋಗದ ಬಾಗಿಲು ಬಡಿಯಿತು. ಜಿಯೋ ಇನ್ನೂ ಹೊಸಬ, ಮಾರುಕಟ್ಟೆಯ ಯಜಮಾನ ಅಲ್ಲ ಅಂತ ಆಯೋಗ 2017ರಲ್ಲಿ ಆ ದೂರನ್ನ ತಳ್ಳಿಹಾಕಿತು.

ಆ ಹೊಸಬ ಇವತ್ತು ದೇಶದ ಅತಿ ದೊಡ್ಡ ಮೊಬೈಲ್ ಕಂಪನಿ. ಈ ಮಧ್ಯೆ ಏರ್‌ಸೆಲ್ ಮುಳುಗಿತು, ಟೆಲಿನಾರ್ ಮತ್ತು ಟಾಟಾದ ಮೊಬೈಲ್ ಗ್ರಾಹಕರು ಏರ್‌ಟೆಲ್ ಪಾಲಾದರು, ವೊಡಾಫೋನ್-ಐಡಿಯಾ ಒಂದಾದವು. ಇದಕ್ಕೆಲ್ಲ ಜಿಯೋ ಒಂದೇ ಕಾರಣ ಅಂದ್ರೆ ತಪ್ಪು. ಹಳೇ ಸಾಲ ಇತ್ತು. ಉಳಿದವರ ಮೇಲೂ 2019ರ ಎಜಿಆರ್ ತೀರ್ಪಿನ ಬಾಕಿ ಬಿತ್ತು. ಆದ್ರೆ ಖಾಸಗಿಯಲ್ಲಿ ಉಳಿದದ್ದು ಮೂರೇ ದೊಡ್ಡ ಹೆಸರು, ಮೂರನೆಯದು ಕುಂಟುತ್ತಿದೆ.

ಅಂಗಡಿ ಕಡಿಮೆಯಾದ್ರೆ ಸಂತೆಯಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತು. ಕರೆ ಉಚಿತ ಅಂದಿದ್ದ ಜಿಯೋ 2019ರ ಅಕ್ಟೋಬರ್‌ನಲ್ಲಿ ಬೇರೆ ನೆಟ್‌ವರ್ಕ್ ಕರೆಗೆ ನಿಮಿಷಕ್ಕೆ 6 ಪೈಸೆ ಹಾಕಿತು. ಅದು ನಿಂತದ್ದು 2021ರ ಜನವರಿಗೆ. 2024ರ ಜುಲೈನಲ್ಲಿ 155ರ ಪ್ಲಾನ್ 189 ಆಯ್ತು, 239ರದ್ದು 299. ಅದೇ ವಾರ ಏರ್‌ಟೆಲ್, ವಿಐ ಕೂಡ ದರ ಏರಿಸಿದವು. ಆಗ ಲಕ್ಷಾಂತರ ಜನ ಬಿಎಸ್ಸೆನ್ನೆಲ್ ಕಡೆ ಹೊರಳಿದರು.

ನಾವು ಹೇಳೋದು ಇಷ್ಟೇ. ಜಿಯೋ ದೇವರೂ ಅಲ್ಲ, ದೆವ್ವವೂ ಅಲ್ಲ. ದರ ಇಳಿಸಿದ್ದು ಯಾವ ಕಂಪನಿಯ ಔದಾರ್ಯವೂ ಅಲ್ಲ, ಪೈಪೋಟಿ. ಆ ಪೈಪೋಟಿ ಉಳಿಯೋದು ಗ್ರಾಹಕ ಎದ್ದು ಹೋಗಬಲ್ಲ ಅನ್ನೋ ಭಯ ಕಂಪನಿಗೆ ಇರೋವರೆಗೆ ಮಾತ್ರ. ಆ ಶಕ್ತಿ ನಿಮ್ಮ ಕೈಲಿದೆ. PORT ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. 2015ರ ಜುಲೈನಿಂದ ಸರ್ಕಲ್ ಬದಲಾದ್ರೂ ನಂಬರ್ ಬದಲಾಗಲ್ಲ. ನಿಮ್ಮೂರಲ್ಲಿ ಯಾರ ಟವರ್ ಹಿಡಿಯುತ್ತೆ ನೋಡಿ, ಲೆಕ್ಕ ಹಾಕಿ, ಆಮೇಲೆ ರೀಚಾರ್ಜ್ ಮಾಡಿ. ಮನೆಯ ಹಿರಿಯರ ಫೋನಿನ ಲೆಕ್ಕವನ್ನೂ ನೀವೇ ನೋಡಿ.