ಸೂಜಿಗಲ್ಲಿನ ಇನ್ನೊಂದು ಮಗ್ಗುಲು

ಮೂವತ್ತು ವರ್ಷಕ್ಕೂ ಮೀರಿ ನಾನು ಕನ್ನಡ ಪಾಠ ಹೇಳಿದವನು. ನಾಯಕನ ಕಣ್ಣು ನಾಯಿಕೆಯ ಕಡೆಗೆ, ಭಕ್ತನ ಮನಸ್ಸು ದೇವರ ಕಡೆಗೆ ಹರಿಯುವ ಪ್ರಸಂಗ ಬಂದಾಗಲೆಲ್ಲ ‘ಸೂಜಿಗಲ್ಲು ಕಬ್ಬಿಣವನ್ನು ಸೆಳೆದಂತೆ’ ಎಂದು ವಿವರಿಸಿ ಮುಂದೆ ಹೋಗುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು, ‘ಸಾರ್, ಸೂಜಿಗಲ್ಲು ತಳ್ಳುವುದೂ ಉಂಟಲ್ಲ, ಅದನ್ನೇಕೆ ಯಾರೂ ಹೇಳುವುದಿಲ್ಲ?’ ಎಂದು ಕೇಳಿದ. ತರಗತಿ ನಕ್ಕಿತು. ‘ಅದನ್ನು ವಿಜ್ಞಾನದ ಮೇಷ್ಟರನ್ನು ಕೇಳಪ್ಪ’ ಎಂದು ನಾನೂ ನಕ್ಕು ಅವನನ್ನು ಕೂರಿಸಿದೆ. ನಿಜ ಹೇಳಬೇಕೆಂದರೆ, ಆವರೆಗೆ ನಾನು ಎರಡು ಅಯಸ್ಕಾಂತಗಳನ್ನು ಒಟ್ಟಿಗೆ ಕೈಯಲ್ಲಿ ಹಿಡಿದವನೇ ಅಲ್ಲ. ಹಿಡಿದದ್ದು ನಿವೃತ್ತನಾದ ಮೇಲೆ, ಮೊಮ್ಮಗಳ ಆಟದ ಡಬ್ಬಿಯಿಂದ ತೆಗೆದು.

ಎದುರುಬದುರಾಗಿ ತಂದರೆ ಅವು ಬೆರಳಿನ ಹಿಡಿತವನ್ನೂ ಮೀರಿ ಟಪ್ಪೆಂದು ಕೂಡಿಕೊಳ್ಳುತ್ತವೆ. ಒಂದನ್ನು ತಿರುಗಿಸಿ ಹಿಡಿದರೆ, ನಡುವೆ ಕಾಣದ ದಿಂಬೊಂದು ಸಿಕ್ಕಿಕೊಂಡಂತೆ. ಒತ್ತಿದಷ್ಟೂ ಪಕ್ಕಕ್ಕೆ ಜಾರುತ್ತವೆ. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಆದರೆ ಅದು ನಿಯಮ, ಕಾರಣವಲ್ಲ.

ಕಾರಣವನ್ನು ನಮ್ಮವರೂ ಹುಡುಕಿದ್ದರು. ಸೂಜಿಯು ಕಾಂತಮಣಿಯ ಕಡೆಗೆ ಸರಿಯುವುದಕ್ಕೆ ಕಣಾದನ ವೈಶೇಷಿಕ ಸೂತ್ರ ಕೊಡುವ ಕಾರಣ ‘ಅದೃಷ್ಟ’. ಇದು ಲಾಟರಿ ಹೊಡೆದವನ ಅದೃಷ್ಟವಲ್ಲ. ಕಣ್ಣಿಗೆ ಕಾಣದ್ದು ಎಂಬುದು ಪದದ ಮೂಲಾರ್ಥ. ಈ ಉತ್ತರವನ್ನು ಹಗುರವಾಗಿ ಕಾಣುವವರಿದ್ದಾರೆ. ನನಗೆ ಅದು ಪ್ರಾಮಾಣಿಕವಾಗಿಯೇ ತೋರುತ್ತದೆ.

ಆ ಕಾಣದ್ದಕ್ಕೆ ಒಂದು ರೂಪ ಕೊಟ್ಟವನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ಎಳೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. ನಮ್ಮಂಥ ಪುಸ್ತಕದ ಹುಳುಗಳಿಗೆ ಅವನು ಹತ್ತಿರದ ನೆಂಟ. ಅಯಸ್ಕಾಂತದ ಮೇಲೆ ಕಾಗದ ಹಾಸಿ ಕಬ್ಬಿಣದ ಪುಡಿ ಉದುರಿಸಿ ಮೆಲ್ಲನೆ ತಟ್ಟಿದರೆ ಪುಡಿ ಬಾಗಿದ ಗೆರೆಗಳಾಗಿ ಕೂರುತ್ತದೆ. ಆ ಗೆರೆಗಳನ್ನು ಅವನು ಬಲರೇಖೆಗಳೆಂದು ಕರೆದ. ಅವು ಉದ್ದಕ್ಕೆ ಎಳೆದ ರಬ್ಬರಿನಂತೆ ಕುಗ್ಗಲು ತವಕಿಸುತ್ತವೆ, ಅಡ್ಡಕ್ಕೆ ಒಂದನ್ನೊಂದು ಒತ್ತುತ್ತವೆ ಎಂದು ಭಾವಿಸಿದ. ವಿಜಾತೀಯ ಧ್ರುವಗಳ ನಡುವೆ ಗೆರೆಗಳು ಇತ್ತಲಿಂದ ಅತ್ತ ಹೊಸೆದುಕೊಂಡಿರುತ್ತವೆ. ಅವು ಕುಗ್ಗಿದರೆ ಸೆಳೆತ. ಸಜಾತೀಯಗಳ ನಡುವೆ ಒಂದರ ಗೆರೆ ಇನ್ನೊಂದನ್ನು ಮುಟ್ಟದೆ ಹೊರಳಿ ಹೋಗುತ್ತದೆ, ಅಲ್ಲಿ ಒತ್ತಡ. ನನ್ನ ಬೆರಳಿಗೆ ತಗುಲಿದ ದಿಂಬು ಅದೇ.

ಆದರೆ ಈ ಗೆರೆಗಳ ಮೂಲ ಯಾವುದು? 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡ. ಅದೇ ವರ್ಷ ಫ್ರಾನ್ಸಿನ ಆಂಪೇರ್ ಎರಡು ತಂತಿಗಳನ್ನು ಸಮಾನಾಂತರವಾಗಿಟ್ಟು, ವಿದ್ಯುತ್ತು ಒಂದೇ ದಿಕ್ಕಿಗೆ ಹರಿದರೆ ಅವು ಸೆಳೆಯುತ್ತವೆ, ಎದುರು ದಿಕ್ಕಿಗೆ ಹರಿದರೆ ತಳ್ಳುತ್ತವೆ ಎಂದು ತೋರಿಸಿದ. ಅಯಸ್ಕಾಂತದ ಒಡಲಿನಲ್ಲಿಯೂ ಇಂಥ ಸಣ್ಣ ಸುತ್ತು ಹರಿವುಗಳಿರಬೇಕೆಂದು ಅವನು ಊಹಿಸಿದ. ಊಹೆ ಬಹುಮಟ್ಟಿಗೆ ಸರಿ. ಪ್ರತಿಯೊಂದು ಎಲೆಕ್ಟ್ರಾನೂ ಹುಟ್ಟಿನಿಂದಲೇ ಒಂದು ಪುಟ್ಟ ಅಯಸ್ಕಾಂತ. ಬಹುತೇಕ ವಸ್ತುಗಳಲ್ಲಿ ಅವು ಒಂದನ್ನೊಂದು ರದ್ದುಗೊಳಿಸುತ್ತವೆ. ಕಬ್ಬಿಣದಲ್ಲಿ ನೆರೆಹೊರೆಯವೆಲ್ಲ ಒಂದೇ ಕಡೆಗೆ ಮುಖ ಮಾಡಬಲ್ಲವು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಸಿದರೆ ಆ ಒಗ್ಗಟ್ಟು ಮುರಿದುಬೀಳುತ್ತದೆ. ಅಯಸ್ಕಾಂತವನ್ನು ತುಂಡರಿಸಿ ಉತ್ತರಧ್ರುವವನ್ನು ಬೇರೆ ಮಾಡುತ್ತೇನೆಂದರೆ ಆಗದು. ಪ್ರತಿ ತುಂಡಿಗೂ ಎರಡೂ ಧ್ರುವಗಳಿರುತ್ತವೆ. ಒಂಟಿ ಧ್ರುವ ಇರಲು ಸಾಧ್ಯವೆಂದು 1931ರಲ್ಲಿ ಡಿರಾಕ್ ಲೆಕ್ಕದಿಂದ ತೋರಿಸಿದ. ಅದು ಈವರೆಗೆ ಯಾರ ಕೈಗೂ ಸಿಕ್ಕಿಲ್ಲ.

ಇನ್ನು ನಾನು ಕೂರಿಸಿದ ವಿದ್ಯಾರ್ಥಿಯ ಪ್ರಶ್ನೆ. ಬರಿಯ ಸೂಜಿಗೆ ತನ್ನದೆಂಬ ಧ್ರುವವಿಲ್ಲ. ಸೂಜಿಗಲ್ಲು ಹತ್ತಿರ ಬಂದಾಗ ಅದರ ಪ್ರೇರಣೆಯಿಂದ ಸೂಜಿಯೂ ಆ ಹೊತ್ತಿಗೆ ಅಯಸ್ಕಾಂತವಾಗುತ್ತದೆ. ಸಮೀಪದ ತುದಿಯಲ್ಲಿ ವಿಜಾತೀಯ ಧ್ರುವ ಮೂಡುತ್ತದೆ, ದೂರದ ತುದಿಯಲ್ಲಿ ಸಜಾತೀಯ. ಸಮೀಪದ ಸೆಳೆತ ದೂರದ ತಳ್ಳಿಕೆಯನ್ನು ಗೆಲ್ಲುತ್ತದೆ. ಕಲ್ಲಿನ ಯಾವ ತುದಿಯನ್ನು ಒಡ್ಡಿದರೂ ಸೂಜಿ ಓಡಿಬರುವುದು ಇದರಿಂದಲೇ. ನಮ್ಮ ಉಪಮೆಯಲ್ಲಿ ಇರುವುದು ಕಲ್ಲು ಮತ್ತು ಕಬ್ಬಿಣ, ಎರಡು ಕಲ್ಲುಗಳಲ್ಲ. ಹಾಗಾಗಿ ಅಲ್ಲಿ ತಳ್ಳಿಕೆಯ ಮಾತೇ ಬರುವುದಿಲ್ಲ. ತಿರುಗಿಸಿ ಹೇಳುವುದಾದರೆ, ಸೆಳೆದ ಮಾತ್ರಕ್ಕೆ ಎದುರಿನದು ಅಯಸ್ಕಾಂತವೆನ್ನುವಂತಿಲ್ಲ, ಬರಿಯ ಕಬ್ಬಿಣವೂ ಇರಬಹುದು. ತಳ್ಳಿದರೆ ಮಾತ್ರ ಖಾತರಿ. ಎದುರಿಗಿರುವುದಕ್ಕೂ ಸ್ವಂತದ ಧ್ರುವವಿದೆ ಎಂಬುದಕ್ಕೆ ತಳ್ಳಿಕೆಯೇ ಸಾಕ್ಷಿ. ಅಂದು ಅವನು ಎದ್ದು ನಿಂತದ್ದನ್ನು ನೆನೆದರೆ ನನಗೆ ಈ ಪರೀಕ್ಷೆ ನೆನಪಾಗುತ್ತದೆ.

ಅವನು ಈಗ ಯಾವ ಊರಿನಲ್ಲಿದ್ದಾನೋ ತಿಳಿಯದು. ಈ ಭಾಷಣವನ್ನು ಕೇಳುತ್ತಿದ್ದರೆ, ಅವನ ಎದುರಿನ ರೇಡಿಯೋದ ಧ್ವನಿವರ್ಧಕದಲ್ಲಿಯೂ ಒಂದು ಅಯಸ್ಕಾಂತವಿದೆ. ಅದು ತಂತಿಯ ಸುರುಳಿಯೊಂದನ್ನು ಕ್ಷಣಕ್ಕೆ ನೂರಾರು ಸಲ ಸೆಳೆದು ತಳ್ಳಿ, ಸೆಳೆದು ತಳ್ಳಿ, ಅದಕ್ಕೆ ಅಂಟಿದ ಹಾಳೆಯನ್ನು ನಡುಗಿಸುತ್ತಿರುವುದರಿಂದಲೇ ಈ ಹಳೆಯ ಮೇಷ್ಟರ ದನಿ, ತಡವಾದ ಈ ಉತ್ತರದೊಂದಿಗೆ, ಅವನಿಗೆ ಕೇಳಿಸುತ್ತಿದೆ.