ಹಿಮದ ಹಾದಿಯಲ್ಲಿ ಎತ್ತರಿಸಿದ ಜೀಪು



ಮನಾಲಿಯಿಂದ ಲಾಹೌಲ್ ಕಣಿವೆಗೆ ಹಾದಿ ಮಾಡಿಕೊಟ್ಟ ಅಟಲ್ ಸುರಂಗವು 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡಿತು. ಅಂದಿನಿಂದ ಚಳಿಗಾಲದ ಹಿಮವನ್ನು ಕಾಣಲು ದೆಹಲಿಯಿಂದ ಸ್ವಂತ ವಾಹನದಲ್ಲಿಯೇ ಹೊರಡುವವರು ಹಲವರು; ಅವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ನಾಲ್ಕು ಚಕ್ರ ಚಾಲನೆಯ ಜೀಪನ್ನು ಎರಡು ಮೂರು ಅಂಗುಲ ಎತ್ತರಿಸಿ, ದಪ್ಪ ಟೈರು ಹಾಕಿಸಿದರೆ ಹಿಮದ ಭಯವಿಲ್ಲವೆಂಬ ನಂಬಿಕೆಯೊಂದು ಬೆಳೆದಿದೆ. ಅದನ್ನು ಪರಿಶೀಲಿಸುವುದು ಅಗತ್ಯ.

ಎತ್ತರಿಸುವುದರಿಂದ ಪ್ರಯೋಜನವೇ ಇಲ್ಲವೆಂದಲ್ಲ. ಹಿಮದ ರಾಶಿಯು ಗಾಡಿಯ ತಳಕ್ಕೆ ಅಷ್ಟಾಗಿ ತಾಗುವುದಿಲ್ಲ. ಆದರೆ ಸ್ಟಿಯರಿಂಗಿನ ಲೆಕ್ಕವೇ ಬೇರೆ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಓರೆಯಾಗಿರುವುದನ್ನು ತಾವು ಕಂಡಿದ್ದೀರಿ. ಚಕ್ರವು ತಾನಾಗಿ ನೇರಕ್ಕೆ ಮರಳಲು ಆ ಓರೆಯು ನೆರವಾಗುತ್ತದೆ. ಜೀಪಿನಲ್ಲಿಯೂ ಅಂಥದೇ ಓರೆಯುಂಟು. ಮೆಕ್ಯಾನಿಕ್ಕುಗಳು ಅದನ್ನು ಕ್ಯಾಸ್ಟರ್ ಎನ್ನುತ್ತಾರೆ. ಮುಂದಿನ ಎರಡೂ ಚಕ್ರಗಳಿಗೆ ಒಂದೇ ಗಟ್ಟಿ ಅಚ್ಚು ಇರುವ ಜಿಮ್ನಿಯಂಥ ವಾಹನವನ್ನು ಎತ್ತರಿಸಿದಾಗ, ಅಚ್ಚನ್ನು ಹಿಡಿದ ತೋಳುಗಳು ವಾಲಿ ಅಚ್ಚೇ ತುಸು ಹೊರಳುತ್ತದೆ, ಓರೆ ಕಡಿಮೆಯಾಗುತ್ತದೆ. ಒಣ ಡಾಂಬರಿನ ಮೇಲೆ ಇದು ಕೈಗೆ ಕಿರಿಕಿರಿಯಷ್ಟೇ ಎನಿಸಬಹುದು. ಹಿಮದಲ್ಲಿ ಹಾಗಲ್ಲ. ಮುಂದೆ ಹೋದ ಗಾಡಿಗಳ ಜಾಡುಗಳು ಗಟ್ಟಿಕಟ್ಟಿರುತ್ತವೆ. ಜೀಪು ಒಂದರಿಂದ ಇನ್ನೊಂದಕ್ಕೆ ಅಲೆಯುತ್ತದೆ. ಚಾಲಕನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸುತ್ತಾನೆ.

ಇನ್ನು ನಾಲ್ಕು ಚಕ್ರ ಚಾಲನೆಯ ವಿಷಯ. ಜಿಮ್ನಿ, ಥಾರ್ ಮೊದಲಾದವುಗಳಲ್ಲಿ ಅದನ್ನು ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಚಾಲನೆಗಳು ಒಂದೇ ವೇಗಕ್ಕೆ ಬಂಧಿತವಾಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕಾದುದರಿಂದ ಯಾವುದೋ ಒಂದು ಚಕ್ರ ಜಾರಲೇಬೇಕು. ಮುಂದಿನವು ಜಾರಿದರೆ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರವಾಗಿ ಕಣಿವೆಯತ್ತಲೇ ನುಗ್ಗುತ್ತದೆ. ಆಗ ಇನ್ನಷ್ಟು ತಿರುಗಿಸುವುದು ಮನುಷ್ಯಸಹಜ; ಮಾಡಬೇಕಾದುದು ಅದಕ್ಕೆ ವಿರುದ್ಧ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಸ್ಟಿಯರಿಂಗನ್ನು ತುಸು ಹಿಂದಕ್ಕೆ ಬಿಟ್ಟು, ಟೈರಿಗೆ ಹಿಡಿತ ಮರಳಲು ಅವಕಾಶ ಕೊಡಬೇಕು. ಎತ್ತರದ ಗಾಡಿಯ ಭಾರ ಮೇಲೇರಿರುವುದರಿಂದ, ಅಡ್ಡಜಾರಿ ಕಲ್ಲಿಗೆ ತಾಗಿದರೆ ಮಗುಚುವ ಅಪಾಯವೂ ಹೆಚ್ಚು.

ನಿಲ್ಲಿಸುವ ಬಲವನ್ನಂತೂ ನಾಲ್ಕು ಚಕ್ರ ಚಾಲನೆ ಹೆಚ್ಚಿಸುವುದಿಲ್ಲ. ಸುಮಾರು 9 ಕಿಲೋಮೀಟರು ಸುರಂಗದಲ್ಲಿ ಸಲೀಸಾಗಿ ಬಂದವರು ಹೊರಬಾಗಿಲಿನ ಹಿಮದ ಮೇಲೆ ಅದೇ ವೇಗದಲ್ಲಿ ಇಳಿಯಬಾರದು.

ಹೊರಡುವ ಮುನ್ನ ಅಲೈನ್‌ಮೆಂಟ್ ಅಂಗಡಿಯಲ್ಲಿ ಕ್ಯಾಸ್ಟರನ್ನೂ ಅಳೆಸಿ ಸರಿಪಡಿಸಿಕೊಳ್ಳಿ. ದಪ್ಪ ಟೈರಿನ ಮೇಲೆ ಸರಪಳಿ ಕಟ್ಟಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನೋಡಿ, ಎಲ್ಲಿಯೂ ಉಜ್ಜಬಾರದು. ಈ ಪರೀಕ್ಷೆಯನ್ನು ಮನೆಯಂಗಳದಲ್ಲೇ ಮುಗಿಸುವುದು ಲೇಸು. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸುತ್ತದೆಂಬುದೂ ನೆನಪಿರಲಿ.

ಹಿಮ ಬಿದ್ದ ದಿನಗಳಲ್ಲಿ ಪೊಲೀಸರು ನಾಲ್ಕು ಚಕ್ರ ಚಾಲನೆಯ ವಾಹನಗಳನ್ನಷ್ಟೇ ಮುಂದೆ ಬಿಡುವುದುಂಟು. ಬಿಟ್ಟರೆಂದು ಸಂಜೆಯವರೆಗೆ ಅಲ್ಲಿ ಉಳಿಯಬೇಡಿ. ಹಗಲು ಕರಗಿದ ನೀರು ಬಿಸಿಲಿಳಿದೊಡನೆ ಗಾಜಿನಂತೆ ಹೆಪ್ಪುಗಟ್ಟುತ್ತದೆ, ಮನಾಲಿಗೆ ಮರಳುವ ಹಾದಿಯೋ ಇಳಿಜಾರು. ಬೆಳಕಿರುವಾಗಲೇ, ಲೋ ಗೇರಿನಲ್ಲಿ, ಬ್ರೇಕನ್ನು ಆದಷ್ಟೂ ಮುಟ್ಟದೆ ಇಳಿದು ಬನ್ನಿ.