ಔಷಧದ ಆಯ್ಕೆಯೂ ಮಿದುಳಿನ ಅಲೆಗಳೂ
(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸ)



ನಾನು ವೈದ್ಯನಲ್ಲ, ಕಡತಗಳ ನಡುವೆ ಮೂವತ್ತು ವರ್ಷ ಕಳೆದ ಕೇಂದ್ರ ಸರ್ಕಾರದ ಅಧಿಕಾರಿ. ನನ್ನ ಸೋದರಳಿಯ ಸ್ಕಿಜೋಫ್ರೇನಿಯಾ ಪೀಡಿತ. ಅವನ ಒಪ್ಪಿಗೆಯಿಂದಲೇ ಈ ಮಾತು. ನಾಲ್ಕು ವರ್ಷಗಳಲ್ಲಿ ಐದು ಬಗೆಯ ಮಾತ್ರೆಗಳಾದವು. ಒಂದು ಕೈ ನಡುಗಿಸಿತು, ಇನ್ನೊಂದು ಮೈ ಬೆಳೆಸಿತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಲ್ಲಲಿಲ್ಲ. "ಯಾವುದು ಹಿಡಿಸುತ್ತದೆಂದು ಮೊದಲೇ ತಿಳಿಯಲಾಗದೆ, ಮಾವ?" ಎಂದು ಅವನು ಕೇಳಿದ.

1952ರಲ್ಲಿ ಪ್ಯಾರಿಸ್ಸಿನ ದಿಲೇ ಮತ್ತು ದೆನಿಕೇರ್ ಕ್ಲೋರ್‌ಪ್ರೊಮಜೀನನ್ನು ಇಂತಹ ರೋಗಿಗಳಿಗೆ ಕೊಟ್ಟಂದಿನಿಂದ ಔಷಧಗಳ ಸಂಖ್ಯೆ ಬೆಳೆದಿದೆ. ಆಯ್ಕೆಯ ಕ್ರಮ ಅಷ್ಟಾಗಿ ಬೆಳೆದಿಲ್ಲ. ಕೊಟ್ಟು ನೋಡುವುದು, ಸುಮಾರು ಆರು ವಾರ ಕಾಯುವುದು, ಫಲಿಸದಿದ್ದರೆ ಬದಲಿಸುವುದು. ಇವುಗಳಲ್ಲಿ ಹೆಚ್ಚಿನವು ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಪ್ರಭಾವವನ್ನು ತಡೆಯುತ್ತವೆ. ಆದರೆ 2012ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ, ಔಷಧಕ್ಕೆ ಬಗ್ಗದ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಉತ್ಪತ್ತಿ ಹೆಚ್ಚಿರಲೇ ಇಲ್ಲ. ಸೋರದ ನಲ್ಲಿಯನ್ನು ಬಿಗಿದು ಫಲವೇನು?

ಅಂತಹ ಸ್ಕ್ಯಾನ್ ಬಹು ದುಬಾರಿ. ಆದ್ದರಿಂದಲೇ ಸಂಶೋಧಕರ ದೃಷ್ಟಿ ಅಗ್ಗದ ಇ.ಇ.ಜಿ.ಯತ್ತ ಹರಿಯಿತು. ನೆತ್ತಿಯ ಮೇಲಿನಿಂದ ಮಿದುಳಿನ ವಿದ್ಯುತ್ ಅಲೆಗಳನ್ನು 1924ರಲ್ಲಿ ಮೊದಲು ದಾಖಲಿಸಿದ ಜರ್ಮನಿಯ ಹಾನ್ಸ್ ಬರ್ಗರ್ ಕೂಡ ಮನೋವೈದ್ಯರೇ. ಚಿಕಿತ್ಸೆಗೆ ಮುನ್ನಿನ ಅಲೆಗಳನ್ನು ಗಣಕಯಂತ್ರದಿಂದ ವಿಶ್ಲೇಷಿಸಿ, ಯಾರಿಗೆ ಯಾವುದು ಒಗ್ಗೀತೆಂದು ಊಹಿಸುವ ಪ್ರಯತ್ನಗಳು ನಡೆದಿವೆ. ತೊಡಕೆಂದರೆ, ಸೇವಿಸುತ್ತಿರುವ ಔಷಧವೇ ಅಲೆಗಳನ್ನು ಬದಲಿಸುತ್ತದೆ. ಗುಂಪಿನ ಸರಾಸರಿ ಎದುರಿಗಿರುವ ಒಬ್ಬನಿಗೆ ಅನ್ವಯಿಸಬೇಕೆಂದಿಲ್ಲ. ದಿನನಿತ್ಯದ ಚಿಕಿತ್ಸೆಗೆ ಇದಿನ್ನೂ ಒದಗಿಲ್ಲ.

ಇದನ್ನು ನಾನು ತಡವಾಗಿ ತಿಳಿದೆ. ಖಾಸಗಿ ಕೇಂದ್ರವೊಂದು ಮಿದುಳಿನ ನಕ್ಷೆ ತೆಗೆದು ಔಷಧ ಹೇಳುತ್ತೇವೆಂದಾಗ ಅಕ್ಕ ಬಳೆ ಅಡವಿಟ್ಟಳು. ಬಣ್ಣದ ನಕ್ಷೆ ಸೊಗಸಾಗಿತ್ತು. ಅದು ಸೂಚಿಸಿದ್ದು ಹುಡುಗ ಆಗಲೇ ತಿಂದು ಸೋತಿದ್ದ ಮಾತ್ರೆಯನ್ನು!

ನೆರವಾದದ್ದು ಕಡತವೇ. ಔಷಧದ ಹೆಸರು, ಪ್ರಮಾಣ, ತಿಂದ ವಾರಗಳು, ಆದ ತೊಂದರೆ ಇಷ್ಟನ್ನೂ ಹಳೆಯ ಚೀಟಿಗಳಿಂದ ಬರೆದಿಳಿಸಿದೆ. ಅದನ್ನು ನೋಡಿದ ಹೊಸ ವೈದ್ಯರು ಕ್ಲೋಜಪಿನ್ ಆರಂಭಿಸಿದರು. ಬೇರೆ ಔಷಧಗಳಿಗೆ ಬಗ್ಗದವರ ಮೇಲೆ ಅಮೆರಿಕದಲ್ಲಿ ನಡೆದು 1988ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದರಿಂದ ಶೇ. 30 ಮಂದಿ ಚೇತರಿಸಿದ್ದರು, ಕ್ಲೋರ್‌ಪ್ರೊಮಜೀನಿನಿಂದ ಶೇ. 4. ಬಿಳಿ ರಕ್ತಕಣಗಳು ಕುಸಿಯುವ ಅಪಾಯವಿರುವುದರಿಂದ ಮೊದಮೊದಲು ವಾರಕ್ಕೊಮ್ಮೆ ರಕ್ತಪರೀಕ್ಷೆ ಅಗತ್ಯ. ಎರಡು ಔಷಧಗಳು ಸೋತ ಮೇಲೆ ಯೋಚಿಸಬೇಕಾದದ್ದು ಅವನಿಗೆ ಐದರ ಬಳಿಕ ದೊರೆಯಿತು. ಆ ವರ್ಷಗಳ ಲೆಕ್ಕ ನನ್ನನ್ನು ಇಂದಿಗೂ ಕಾಡುತ್ತದೆ. ದನಿಗಳು ಅಳಿದಿಲ್ಲ, ದೂರ ಸರಿದಿವೆ. ರಕ್ತಪರೀಕ್ಷೆಗೆ ಈಗ ಒಬ್ಬನೇ ಹೋಗಿಬರುತ್ತಾನೆ.

ಆ ಕಡತದ ನಮೂನೆಯ ಕೆಲವು ಪ್ರತಿಗಳನ್ನು ತಂದಿದ್ದೇನೆ. ಬೇಕಾದವರು ಸಭೆ ಮುಗಿದ ಮೇಲೆ ಪಡೆಯಬಹುದು.